ಹೊಗೆ, ಬೆಳ್ಳಿ, ಚೌಕಟ್ಟು

1948ರಲ್ಲಿ ನ್ಯೂಯಾರ್ಕಿನ ರಾಯಲ್ ರೂಸ್ಟ್ ಕ್ಲಬ್ಬಿನಲ್ಲಿ ಹರ್ಮನ್ ಲಿಯೊನಾರ್ಡ್ ತೆಗೆದ, ಸ್ಯಾಕ್ಸೊಫೋನ್ ವಾದಕ ಡೆಕ್ಸ್ಟರ್ ಗಾರ್ಡನ್ ಅವರ ಕಪ್ಪುಬಿಳುಪು ಛಾಯಾಚಿತ್ರದಲ್ಲಿ ಮುಖದಷ್ಟೇ ಕಣ್ಸೆಳೆಯುವುದು, ಫ್ಲಾಷ್ ಬೆಳಕಿನಲ್ಲಿ ಬೆಳ್ಳಗೆ ಸುರುಳಿಗಟ್ಟಿ ಮೇಲೇರುವ ಸಿಗರೇಟಿನ ಹೊಗೆ. ಇಂಥ ಚಿತ್ರಗಳ ಸಾಂಪ್ರದಾಯಿಕ ಪ್ರತಿಗಳು ಸಿಲ್ವರ್ ಜೆಲಟಿನ್ ಬಗೆಯವು. ಅಂದರೆ ಕಾಗದದ ಜೆಲಟಿನ್ ಲೇಪದಲ್ಲಿರುವ ಬೆಳ್ಳಿಯ ಲವಣವು ಬೆಳಕು ತಾಗಿದಲ್ಲಿ, ರಾಸಾಯನಿಕ ಸಂಸ್ಕರಣದಿಂದ ಕಪ್ಪು ಬೆಳ್ಳಿಕಣಗಳಾಗಿ ಉಳಿಯುತ್ತದೆ. ತೇವಕ್ಕೆ ಆ ಲೇಪ ಗಾಜಿಗೆ ಅಂಟಿಕೊಳ್ಳಬಹುದಾದ್ದರಿಂದ, ಚೌಕಟ್ಟು ಹಾಕುವವರು ನಡುವೆ ಆಮ್ಲರಹಿತ ರಟ್ಟಿನ ಅಂಚುಪಟ್ಟಿ ಇರಿಸಿ ತುಸು ಅಂತರ ಬಿಡುತ್ತಾರೆ. ಅಲಂಕಾರವೆಂದು ಕಾಣುವ ಆ ಬಿಳಿಯ ಅಂಚು ವಾಸ್ತವದಲ್ಲಿ ರಕ್ಷಾಕವಚ. ಆದರೂ 2005ರ ಕತ್ರಿನಾ ಚಂಡಮಾರುತದ ನೆರೆಯಲ್ಲಿ ಲಿಯೊನಾರ್ಡ್ ಅವರ ನ್ಯೂ ಆರ್ಲಿಯನ್ಸ್ ಮನೆಯಲ್ಲಿದ್ದ ಸಾವಿರಾರು ಪ್ರತಿಗಳು ಹಾಳಾದವು; ನೆಗೆಟಿವ್‌ಗಳು ಸುರಕ್ಷಿತವಾಗಿದ್ದುದರಿಂದ ಮರುಮುದ್ರಣ ಸಾಧ್ಯವಾಯಿತು.