ಮರಳಿಗೂ ಕೊರಕಲಿಗೂ: ಬೆಳೆದ ಮಕ್ಕಳೊಡನೆ ಒಂದು ರಜೆ

ದಿಲ್ಲಿಯಲ್ಲಿಯೂ ಅದರ ಸುತ್ತಣ ನೋಯ್ಡಾ, ಗುರುಗ್ರಾಮ, ಫರೀದಾಬಾದುಗಳಲ್ಲಿಯೂ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ರಜೆಯೆಂದರೆ ಊರು. ಊರೆಂದರೆ ಕರ್ನಾಟಕ ಎಕ್ಸ್‌ಪ್ರೆಸ್ಸು. ಇದು ಸಹಜವೇ. ಅಜ್ಜ ಅಜ್ಜಿಯರಿರುವವರೆಗೆ ಆ ದಾರಿ ತಪ್ಪಲೂ ಬಾರದು. ಆದರೆ ಮಕ್ಕಳಿಗೆ ಹದಿಮೂರು ತುಂಬಿತೆಂದರೆ ಮನೆಯಲ್ಲಿ ಹೊಸದೊಂದು ಮಾತು ಕೇಳಿಬರುತ್ತದೆ: "ಅಪ್ಪಾ, ನೀವು ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ." ಈ ಮಾತನ್ನು ಕೇಳದ ತಂದೆ ನಮ್ಮ ವಾಚಕರಲ್ಲಿ ವಿರಳ. ಬೆಳಗಿನ ಐದಕ್ಕೆ ಹೋಟೆಲಿನ ಒಲೆ ಹಚ್ಚಲು ಹೊರಟು ರಾತ್ರಿ ಹನ್ನೊಂದಕ್ಕೆ ಮರಳುವವನಿಗೆ ಮಗನ ಮುಖ ಕಾಣುವುದು ಅವನು ಮಲಗಿರುವಾಗ ಮಾತ್ರ. ಹದಿನೆಂಟಾದೊಡನೆ ಆ ಮಗ ಪುಣೆಗೋ ಬೆಂಗಳೂರಿಗೋ ಕಾಲೇಜಿಗೆ ಹೊರಡುತ್ತಾನೆ. ಲೆಕ್ಕ ಹಾಕಿದರೆ ಒಟ್ಟಿಗೆ ಕಳೆಯತಕ್ಕ ರಜೆಗಳು ಉಳಿದಿರುವುದು ನಾಲ್ಕೋ ಐದೋ. ಅವುಗಳಲ್ಲಿ ಒಂದೆರಡನ್ನು ಮಕ್ಕಳಿಗೆ ಒಗ್ಗುವ ಕಡೆ, ಅಂದರೆ ರಾಜಸ್ಥಾನದ ಮರಳಿಗೂ ಚಂಬಲಿನ ಕೊರಕಲಿಗೂ ವಿನಿಯೋಗಿಸಬೇಕೆಂದು ನಾವು ಸೂಚಿಸಬಯಸುತ್ತೇವೆ.

ಮೊದಲನೆಯ ತೊಡಕು ಕಾಲದ್ದು. ದಿಲ್ಲಿಯ ಶಾಲೆಗಳ ದೊಡ್ಡ ರಜೆ ಮೇ, ಜೂನ್ ತಿಂಗಳಲ್ಲಿ ಬರುತ್ತದೆ. ಆಗ ಮರುಭೂಮಿಯ ಹೆಸರನ್ನೂ ಎತ್ತಬಾರದು. ಜೈಸಲ್ಮೇರಿನ ದಾರಿಯಲ್ಲಿರುವ ಫಲೋದಿಯಲ್ಲಿ 2016ರ ಮೇ 19ರಂದು ಉಷ್ಣತೆ 51 ಡಿಗ್ರಿ ಮುಟ್ಟಿತ್ತು. ಉಳಿಯುವುದು ದಸರೆಯ ಸುತ್ತಲಿನ ಕೆಲವು ದಿನಗಳು ಮತ್ತು ಜನವರಿಯ ಮೊದಲ ಹದಿನೈದು ದಿನಗಳು. ಹತ್ತನೆಯ, ಹನ್ನೆರಡನೆಯ ತರಗತಿಯವರಿದ್ದರೆ ಫೆಬ್ರವರಿಯ ಪರೀಕ್ಷೆ ಎದುರಿಗಿರುವುದರಿಂದ ಜನವರಿಯೂ ಹೋಯಿತು. ಹೋಟೆಲಿನಲ್ಲಿ ದುಡಿಯುವವರಿಗೆ ಹೊಸ ವರ್ಷದ ವಾರದಲ್ಲಿ ರಜೆ ಸಿಕ್ಕುವುದು ಕನಸಿನ ಮಾತು. ಜನವರಿಯ ಎರಡನೆಯ ವಾರಕ್ಕೆ ಈಗಲೇ ಮಾಲಿಕರ ಕಿವಿಗೆ ಹಾಕಿಡುವುದು ಲೇಸು; ನಾವೂ ಗಲ್ಲೆಯ ಮೇಲೆ ಕುಳಿತವರೇ ಆದುದರಿಂದ ಬಲ್ಲೆವು, ಎರಡು ತಿಂಗಳು ಮುಂಚೆ ಕೇಳಿದವನಿಗೆ ಇಲ್ಲವೆನ್ನುವುದು ಮಾಲಿಕನಿಗೂ ಕಷ್ಟ. ಕೇಂದ್ರ ಸರಕಾರದ ಗುಮಾಸ್ತ ಮಿತ್ರರ ಸ್ಥಿತಿ ಮೇಲು. ನಾಲ್ಕು ವರ್ಷಗಳ ಅವಧಿಯಲ್ಲಿ ಒಂದು ಸಲ ಸ್ವಂತ ಊರಿನ ಬದಲು ಭಾರತದ ಯಾವ ಸ್ಥಳಕ್ಕಾದರೂ ಹೋಗಿಬರಲು ಎಲ್‌.ಟಿ.ಸಿ. ಸೌಲಭ್ಯವುಂಟು; 2026ರಿಂದ 2029ರವರೆಗಿನದು ಅಂತಹ ಒಂದು ಅವಧಿ.

ಎರಡನೆಯ ತೊಡಕು ಮಕ್ಕಳೇ. ಹೊಸ ಮಾಣಿಗೆ ಎರಡು ಮೇಜುಗಳನ್ನು ಅವನದೆಂದೇ ವಹಿಸಿಕೊಟ್ಟರೆ ಅವನು ಅವುಗಳನ್ನು ಒರೆಸುವ ಬಗೆಯೇ ಬೇರೆಯಾಗುತ್ತದೆ ಎಂಬುದನ್ನು ಹೋಟೆಲಿನವರೆಲ್ಲ ಬಲ್ಲರು. ಪ್ರವಾಸದಲ್ಲಿಯೂ ಹಾಗೆಯೇ. ಒಂದು ಇಡೀ ದಿನವನ್ನು ಮಕ್ಕಳ ಕೈಗೊಪ್ಪಿಸಿ, ಇಷ್ಟು ಹಣ, ಇಷ್ಟು ಹೊತ್ತು, ಉಳಿದುದು ನಿಮಗೆ ಬಿಟ್ಟದ್ದು ಎಂದುಬಿಡಬೇಕು. ಅಭಿಪ್ರಾಯ ಕೇಳಿದಂತೆ ಮಾಡಿ ಕಡೆಗೆ ತಮ್ಮದನ್ನೇ ನಡೆಸುವ ತಂದೆಯರನ್ನು ಹದಿನೈದರ ಹುಡುಗಿ ಅರೆಗಳಿಗೆಯಲ್ಲಿ ಗುರುತಿಸುತ್ತಾಳೆ. ಇನ್ನು ನಸುಕಿನಲ್ಲಿ ಎಬ್ಬಿಸಿ ದಿನಕ್ಕೆ ಆರು ಸ್ಥಳ ತೋರಿಸುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ದಿನಕ್ಕೆ ಎರಡು ಸಾಕು.

ದೂರದ ಜೈಸಲ್ಮೇರಿಗೆ ಮುನ್ನ ಹತ್ತಿರದ ಚಂಬಲ್ ಆಗಲಿ. ಎರಡು ದಿನ ಸಾಕು. ರಾತ್ರಿ ನ್ಯೂ ದಿಲ್ಲಿ ಬಿಡುವ ಕರ್ನಾಟಕ ಎಕ್ಸ್‌ಪ್ರೆಸ್ಸು ಆಗ್ರಾ ಕಳೆದು, ಧೋಲಪುರಕ್ಕೂ ಮೊರೇನಾಕ್ಕೂ ನಡುವೆ ಚಂಬಲ್ ಸೇತುವೆಯನ್ನು ದಾಟುತ್ತದೆ. ನಮ್ಮಲ್ಲಿ ಬಹುಮಂದಿ ಆ ಕೊರಕಲುಗಳನ್ನು ಹತ್ತಾರು ಸಲ ನಿದ್ದೆಯಲ್ಲಿಯೇ ದಾಟಿದ್ದೇವೆ! ಹಗಲಿನಲ್ಲಿ ನೋಡಿದರೆ ಅದೊಂದು ಬೇರೆಯೇ ಲೋಕ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನು ಕೊಲೊರಾಡೊ ನದಿ ಬಂಡೆಯನ್ನು ಕೊರೆದು ಮಾಡಿದ ಕಂದರ. ಇಲ್ಲಿಯದು ಮಳೆಯ ನೀರು ಮೆಕ್ಕಲುಮಣ್ಣನ್ನು ಸೀಳಿದ ಕಂದರ. ಬೀಹಡ್ ಎಂದು ಅಲ್ಲಿಯ ಜನ ಕರೆಯುವ ಈ ಮಣ್ಣಿನ ಜಟಿಲ ಓಣಿಗಳೇ ಡಕಾಯಿತರಿಗೆ ಕೋಟೆಯಾಗಿದ್ದವು.

ಮಕ್ಕಳಿಗೆ ಕಥೆ ಬೇಕು. ಇಲ್ಲಿ ಅದಕ್ಕೆ ಬರವಿಲ್ಲ. ಸ್ಟೀಪಲ್‌ಚೇಸ್ ಓಟದಲ್ಲಿ ರಾಷ್ಟ್ರದ ಚಾಂಪಿಯನ್ ಆಗಿದ್ದ ಪಾನ್ ಸಿಂಗ್ ತೋಮರ್ ಡಕಾಯಿತನಾಗಿ 1981ರಲ್ಲಿ ಪೊಲೀಸರ ಗುಂಡಿಗೆ ಬಿದ್ದ ವೃತ್ತಾಂತವನ್ನು ಚಲನಚಿತ್ರದಲ್ಲಿ ಮುಂಚೆಯೇ ನೋಡಿಕೊಂಡು ಹೋಗಲಿ. ನಮ್ಮ ಮಕ್ಕಳು ತಿಳಿಯಬೇಕಾದ ಇನ್ನೊಂದು ಹೆಸರುಂಟು. 1929ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಎಸ್‌. ಎನ್‌. ಸುಬ್ಬರಾಯರು ಹದಿಮೂರನೆಯ ವಯಸ್ಸಿಗೇ ಚಲೇಜಾವ್ ಚಳವಳಿಗೆ ಧುಮುಕಿದವರು. ಮುಂದೆ ಮೊರೇನಾ ಜಿಲ್ಲೆಯ ಜೌರಾದಲ್ಲಿ ಗಾಂಧಿ ಆಶ್ರಮ ಕಟ್ಟಿದರು. 1972ರ ಏಪ್ರಿಲಿನಲ್ಲಿ ಮೋಹರ್ ಸಿಂಗ್, ಮಾಧೋ ಸಿಂಗ್ ಮೊದಲಾದ ಡಕಾಯಿತರು ಜಯಪ್ರಕಾಶ ನಾರಾಯಣರ ಎದುರಿನಲ್ಲಿ ಶಸ್ತ್ರಗಳನ್ನು ಕೆಳಗಿಟ್ಟದ್ದು ಅಲ್ಲಿಯೇ. 2021ರಲ್ಲಿ ತೀರಿಕೊಂಡ ಅವರ ಅಂತ್ಯಸಂಸ್ಕಾರವೂ ಜೌರಾದಲ್ಲಿಯೇ ನಡೆಯಿತು. ನಮ್ಮ ನಾಡಿನವರೊಬ್ಬರು ಈ ಕೊರಕಲುಗಳಲ್ಲಿ ಬರಿಗೈಯಲ್ಲಿ ಓಡಾಡಿದರೆಂಬುದನ್ನು ಹುಡುಗರಿಗೆ ಆ ಸ್ಥಳದಲ್ಲಿ ನಿಂತು ಹೇಳುವುದಕ್ಕೂ ಮನೆಯಲ್ಲಿ ಹೇಳುವುದಕ್ಕೂ ಅಂತರವಿದೆ. ನದಿಯಲ್ಲಿ ದೋಣಿ ಹಿಡಿದರೆ, ಚಳಿಗಾಲದ ಬಿಸಿಲಿಗೆ ಮರಳದಿಣ್ಣೆಯ ಮೇಲೆ ಮೈ ಚಾಚಿದ ಉದ್ದ ಮೂತಿಯ ಘರಿಯಾಲ್ ಮೊಸಳೆಗಳನ್ನು ಕಾಣಬಹುದು.

ಈ ಎರಡು ದಿನ ಸುಖವಾಗಿ ಕಳೆದರೆ ಜೈಸಲ್ಮೇರಿಗೆ ಧೈರ್ಯವಾಗಿ ಹೊರಡಬಹುದು. ರೈಲು ಒಂದು ರಾತ್ರಿಯನ್ನೂ ಮೇಲೆ ಕೆಲವು ಗಂಟೆಗಳನ್ನೂ ತೆಗೆದುಕೊಳ್ಳುತ್ತದೆ. ಮುಂಗಡ ಟಿಕೆಟು 2024ರ ನವೆಂಬರಿನಿಂದ ಅರುವತ್ತು ದಿನ ಮೊದಲು ಮಾತ್ರ ದೊರೆಯುತ್ತದೆ. ಆ ಬೆಳಿಗ್ಗೆ ಮೊಬೈಲು ಹಿಡಿದು ಕೂರುವ ಕೆಲಸ ಮಕ್ಕಳದೇ ಆಗಲಿ, ಅವರ ಬೆರಳಿನ ವೇಗ ನಮಗೆಲ್ಲಿಯದು?

1156ರಲ್ಲಿ ರಾವಲ್ ಜೈಸಲನು ಕಟ್ಟಿದ ಹಳದಿ ಕಲ್ಲಿನ ಕೋಟೆಯೊಳಗೆ ಇಂದಿಗೂ ಜನ ವಾಸವಾಗಿದ್ದಾರೆ, ವಸತಿಗೃಹಗಳೂ ಇವೆ. ಹೋಟೆಲ್ ವೃತ್ತಿಯಲ್ಲಿದ್ದ ನಾವು ಒಂದು ಮಾತು ಹೇಳಬೇಕು: ಕೋಟೆಯ ಒಳಗೆ ಇಳಿದುಕೊಳ್ಳಬೇಡಿರಿ. ಹಿಂದೆ ಕೊಡದಲ್ಲಿ ಹೊತ್ತ ನೀರಿನಿಂದ ನಡೆಯುತ್ತಿದ್ದಲ್ಲಿ ನಲ್ಲಿ, ಸ್ನಾನದ ಮನೆಗಳು ಬಂದು, ಬಚ್ಚಲ ನೀರು ಗುಡ್ಡದ ಮಣ್ಣಿಗೆ ಇಂಗಿ ಗೋಡೆಗಳನ್ನು ಸಡಿಲಿಸಿದೆ. ಕೆಳಗಿನ ಪೇಟೆಯಲ್ಲಿಯೇ ತಂಗಿ, ಮೇಲೆ ಹೋಗಿ ನೋಡಿಬನ್ನಿರಿ.

ಪಾಲೀವಾಲ ಬ್ರಾಹ್ಮಣರು ತೊರೆದುಹೋದ ಕುಲಧರಾ ಗ್ರಾಮದ ಮುರುಕು ಮನೆಗಳೂ, ಅವುಗಳ ದೆವ್ವದ ಕಥೆಯೂ ಹುಡುಗರಿಗೆ ಹಿಡಿಸದೆ ಇರದು. ಅಕಲ್ ಎಂಬಲ್ಲಿ ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರಗಳು ಕಲ್ಲಾಗಿ ಬಿದ್ದಿವೆ: ಈ ಮರುಭೂಮಿ ಒಮ್ಮೆ ಕಾಡಾಗಿತ್ತು! 1971ರ ಡಿಸೆಂಬರಿನ ಲೋಂಗೇವಾಲಾ ಯುದ್ಧಭೂಮಿ ದೂರ; ಸಿನಿಮಾ ನೋಡಿ ಹಟ ಹಿಡಿದವರಿದ್ದರೆ ಅದಕ್ಕೆ ಒಂದು ದಿನ ಬೇರೆಯಾಗಿ ಇಡಬೇಕು.

ಮರಳಿಗೆ ಎಲ್ಲರೂ ಹೋಗುವುದು ಪಟ್ಟಣದಿಂದ 40 ಕಿಲೋಮೀಟರು ದೂರದ ಸಮ್ ದಿಬ್ಬಗಳಿಗೆ. ಜೀಪುಗಳ ಗದ್ದಲ, ಧ್ವನಿವರ್ಧಕದ ಹಾಡು ಅಲ್ಲಿ ಹೆಚ್ಚು. ಕೆಲವು ಮಕ್ಕಳಿಗೆ ಅದೇ ಬೇಕಾದೀತು, ಆಗಲಿ. ನಮ್ಮನ್ನು ಕೇಳಿದರೆ ಖುರಿಯ ಕಡೆ ಹೋಗಿರೆನ್ನುತ್ತೇವೆ. ಡೇರೆಯ ಬಾಡಿಗೆಯಲ್ಲಿ ಊಟ, ಕಂಬಳಿ, ಒಂಟೆ ಸವಾರಿ ಸೇರಿವೆಯೇ ಎಂದು ಹಣ ಕೊಡುವ ಮೊದಲೇ ಬಿಡಿಸಿ ಕೇಳಿರಿ. ಜನವರಿಯ ರಾತ್ರಿ ಚಳಿ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ; ಸ್ವೆಟರು, ಕಾಲುಚೀಲ ಮರೆಯದಿರಲಿ. ದಿನ ಗೊತ್ತುಮಾಡುವಾಗ ಪಂಚಾಂಗ ನೋಡಿರಿ: ಅಮಾವಾಸ್ಯೆಯ ಆಸುಪಾಸಾದರೆ ದಿಲ್ಲಿಯ ಹೊಗೆಯಲ್ಲಿ ಬೆಳೆದ ಹುಡುಗರು ಕೃತ್ತಿಕೆ, ಮೃಗಶಿರಗಳನ್ನು ಮೊದಲ ಬಾರಿ ಬಿಚ್ಚು ಆಕಾಶದಲ್ಲಿ ಎಣಿಸಬಲ್ಲರು. ಹೊತ್ತಾಯಿತೆಂದು ಅವರನ್ನು ಮಲಗಲು ಕರೆಯಬೇಡಿರಿ. ಮನೆಯಲ್ಲಿ ಬಾಯಿಬಿಡದ ಮಕ್ಕಳು ಕತ್ತಲಲ್ಲಿ, ಮುಖ ಕಾಣದಿರುವಾಗ, ತಾವಾಗಿಯೇ ಮಾತಿಗೆ ತೊಡಗುವುದನ್ನು ನಾವು ಕಂಡಿದ್ದೇವೆ. ಆಗ ಮಾರ್ಕಿನ ವಿಚಾರ ಎತ್ತುವವನು ಮಹಾ ಮೂರ್ಖ.

ಊಟಕ್ಕೆ ಪೂರಿ, ದೋಸೆ ಹುಡುಕಿಕೊಂಡು ಅಲೆಯುವುದು ಬೇಡ. ಸಜ್ಜೆಯ ರೊಟ್ಟಿ ನಮ್ಮ ಉತ್ತರ ಕರ್ನಾಟಕದವರಿಗೆ ಹೊಸದೇನೂ ಅಲ್ಲ. ಅದರ ಜೊತೆಗೆ ಬಡಿಸುವ ಕೇರ್ ಸಾಂಗ್ರಿ ಪಲ್ಯದ ಸಾಂಗ್ರಿ ಎಂದರೆ ಖೇಜಡಿ ಮರದ ಕಾಯಿ; ಆ ಖೇಜಡಿ ಬೇರೆ ಯಾವುದೂ ಅಲ್ಲ, ವಿಜಯದಶಮಿಯಂದು ನಾವು ಎಲೆ ಹಂಚಿಕೊಳ್ಳುವ ಬನ್ನಿಯೇ. ತಟ್ಟೆಯಲ್ಲಿ ಬಂದಾಗ ಮಕ್ಕಳಿಗೆ ತಿಳಿಸಿರಿ. ಒಂದು ಪೊಟ್ಟಣ ಒಣಸಾಂಗ್ರಿ ಕೊಂಡು ತಂದರೆ, ರಾತ್ರಿ ನೆನೆಹಾಕಿ ಮಜ್ಜಿಗೆಯಲ್ಲಿ ಬೇಯಿಸಿ, ದಿಲ್ಲಿಯ ಮನೆಯಲ್ಲಿಯೂ ಮಾಡಬಹುದು.