ಒಂದೇ ಬಾಣಲೆಯಲ್ಲಿ ಕೈಮ ಮತ್ತು ಎಲೆಕೋಸು

ಕೈಮ ಬಾಣಲೆಗೆ ಬಿದ್ದು ಎರಡು ಮೂರು ನಿಮಿಷ ಆಗುವಷ್ಟರಲ್ಲಿ ನೀರು ಬಿಡುತ್ತದೆ. ಅಲ್ಲಿಯವರೆಗೆ ಚುರ್ರೆನ್ನುತ್ತಿದ್ದ ಎಣ್ಣೆಯ ಸದ್ದು ಅಡಗಿ, ಬೂದುಬಣ್ಣಕ್ಕೆ ತಿರುಗಿದ ಮಾಂಸ ತನ್ನದೇ ನೀರಿನಲ್ಲಿ ಕೊತಕೊತ ಕುದಿಯತೊಡಗುತ್ತದೆ. ರಾತ್ರಿಯ ಅವಸರದ ಅಡುಗೆಯಲ್ಲಿ ಅನೇಕರು ಇದೇ ಹೊತ್ತಿಗೆ ಹೆಚ್ಚಿಟ್ಟ ಎಲೆಕೋಸನ್ನೂ ಸುರಿದು ಮುಚ್ಚಳ ಹಾಕಿಬಿಡುತ್ತಾರೆ. ಊಟವೇನೋ ತಯಾರಾಗುತ್ತದೆ. ಆದರೆ ಮಾಂಸಕ್ಕೆ ಹುರಿದ ಘಮ ಬಂದಿರುವುದಿಲ್ಲ, ಕೋಸು ಮೆತ್ತಗಾಗಿ ವಾಸನೆ ಹೊಡೆಯುತ್ತಿರುತ್ತದೆ. ಅದೇ ಅರ್ಧ ಕಿಲೋ ಕೈಮ, ಅದೇ ಕೋಸು, ಅದೇ ಬಾಣಲೆ ಅಷ್ಟೇ ಸಮಯದಲ್ಲಿ ಬಹಳ ಒಳ್ಳೆಯ ಊಟ ಕೊಡಬಲ್ಲವು. ಅದಕ್ಕೆ ಬಾಣಲೆಯೊಳಗಿನ ನೀರಿನ ಲೆಕ್ಕ ತಿಳಿದಿರಬೇಕು.

ಕೊಬ್ಬು ತೆಗೆದ ಮಾಂಸದ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಅದು ಸ್ನಾಯುವಿನ ಪ್ರೋಟೀನ್ ಎಳೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಬಿಸಿ ಸುಮಾರು 50 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಮಯೋಸಿನ್ ಎಂಬ ಪ್ರೋಟೀನ್ ಗಟ್ಟಿಯಾಗತೊಡಗುತ್ತದೆ. 60 ದಾಟಿದ ಮೇಲೆ ಎಳೆಗಳನ್ನು ಸುತ್ತಿರುವ ಕೊಲಾಜನ್ ಪೊರೆ ಕುಗ್ಗಿ, ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ಇಡೀ ತುಂಡಿನಲ್ಲಿ ಇದು ಹೊರಗಿನಿಂದ ಒಳಕ್ಕೆ ನಿಧಾನವಾಗಿ ನಡೆಯುತ್ತದೆ. ಕೈಮದಲ್ಲಿ ಎಳೆಗಳು ಮೊದಲೇ ಕತ್ತರಿಸಿಹೋಗಿವೆ, ಚೂರುಗಳೂ ಸಣ್ಣವು. ಹಾಗಾಗಿ ಬಿಡುವ ನೀರೆಲ್ಲ ಒಟ್ಟಿಗೆ ಹೊರಬರುತ್ತದೆ. ಕೈಮವನ್ನು ತೊಳೆದು ಸರಿಯಾಗಿ ಸೋಸದೆ ಹಾಕಿದರೆ ಇನ್ನಷ್ಟು ನೀರು ಸೇರಿದಂತಾಯಿತು.

ನೀರು ಇರುವವರೆಗೆ ಬಾಣಲೆಯ ತಳ ಅದರ ಕುದಿಬಿಂದುವಿನ ಆಸುಪಾಸಿನಲ್ಲೇ ನಿಂತಿರುತ್ತದೆ. ಸಮುದ್ರಮಟ್ಟದಲ್ಲಿ ಅದು 100 ಡಿಗ್ರಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಹತ್ತಿರ. ಉರಿ ಎಷ್ಟೇ ಜೋರು ಮಾಡಿದರೂ ಹೆಚ್ಚುವರಿ ಶಾಖವೆಲ್ಲ ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಈ ಖರ್ಚು ಸಣ್ಣದಲ್ಲ. 100 ಗ್ರಾಂ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 31 ಕಿಲೋಜೂಲ್ ಸಾಕು. ಅದೇ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 226 ಕಿಲೋಜೂಲ್ ಬೇಕು, ಅಂದರೆ ಏಳು ಪಟ್ಟು. ಒಲೆಯಿಂದ ಬಾಣಲೆಗೆ ಒಂದು ಕಿಲೋವಾಟ್ ಶಾಖ ಸೇರುತ್ತಿದೆ ಎಂದಿಟ್ಟುಕೊಂಡರೆ, ಆ ನೂರು ಗ್ರಾಂ ಆರುವುದಕ್ಕೇ ನಾಲ್ಕು ನಿಮಿಷ ಹಿಡಿಯುತ್ತದೆ. ಆ ನಾಲ್ಕು ನಿಮಿಷ ಕಾಯುವ ತಾಳ್ಮೆಯಲ್ಲೇ ಈ ಅಡುಗೆಯ ಅರ್ಧ ರುಚಿ ಅಡಗಿದೆ ಎಂದು ನಾನು ನಂಬುತ್ತೇನೆ.

ನೀರು ಆರಿದೊಡನೆ ಸದ್ದು ಬದಲಾಗುತ್ತದೆ. ಕುದಿಯುವ ಸದ್ದು ಹೋಗಿ ಮತ್ತೆ ಚುರುಚುರು ಕೇಳಿಸುತ್ತದೆ. ಈಗ ಮಾಂಸದ ಮೇಲ್ಮೈ ಬಿಸಿ ನೂರನ್ನು ದಾಟಿ ಏರಬಲ್ಲದು. ಸುಮಾರು 140 ಡಿಗ್ರಿಯ ಆಚೆಗೆ ಮಯಾರ್ ಕ್ರಿಯೆ ಚುರುಕಾಗುತ್ತದೆ. ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ 1912ರಲ್ಲಿ ಅಮೈನೋ ಆಮ್ಲಗಳನ್ನು ಸಕ್ಕರೆಯೊಂದಿಗೆ ಬಿಸಿಮಾಡಿದಾಗ ಕಂದುಬಣ್ಣದ ವಸ್ತುಗಳು ಹುಟ್ಟುವುದನ್ನು ವರದಿ ಮಾಡಿದರು. ಅವರ ಆಸಕ್ತಿ ಅಡುಗೆಯದಾಗಿರಲಿಲ್ಲ. ಜೀವಿಗಳಲ್ಲಿ ಪ್ರೋಟೀನ್ ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಅರಸುತ್ತಿದ್ದರು. ಈ ಕ್ರಿಯೆಯ ಹಂತಗಳನ್ನು ಒಂದು ಚೌಕಟ್ಟಿಗೆ ತಂದದ್ದು ಅಮೆರಿಕದ ಕೃಷಿ ಇಲಾಖೆಯ ರಸಾಯನಶಾಸ್ತ್ರಜ್ಞ ಜಾನ್ ಹಾಜ್, 1953ರಲ್ಲಿ. ಮಾಂಸದಲ್ಲಿ ಸಕ್ಕರೆ ಎಲ್ಲಿಂದ ಬಂತು ಎಂದು ಕೇಳಬಹುದು. ಪ್ರಾಣಿ ಸತ್ತ ಮೇಲೆ ಸ್ನಾಯುವಿನ ಶಕ್ತಿವಾಹಕ ಅಣು ಎಟಿಪಿ ಒಡೆದು ರೈಬೋಸ್ ಎಂಬ ಸಕ್ಕರೆ ಬಿಡುಗಡೆಯಾಗುತ್ತದೆ. ಅದು ಗಂಧಕವಿರುವ ಸಿಸ್ಟೀನ್ ಅಮೈನೋ ಆಮ್ಲದ ಜೊತೆ ಬಿಸಿಯಲ್ಲಿ ಸೇರಿದಾಗ, ಹುರಿದ ಮಾಂಸದ್ದೇ ಎಂದು ಮೂಗು ಗುರುತಿಸುವ ಘಮ ಹುಟ್ಟುತ್ತದೆ.

ಇದಕ್ಕೆಲ್ಲ ದಪ್ಪ ತಳದ ಅಗಲ ಬಾಣಲೆ ಬೇಕು. ಕಬ್ಬಿಣದ್ದಾದರೆ ಉತ್ತಮ. ಕಾದ ಕಬ್ಬಿಣ ಬಹಳ ಶಾಖವನ್ನು ಹಿಡಿದಿಟ್ಟಿರುತ್ತದೆ, ತಣ್ಣಗಿನ ಮಾಂಸ ಬಿದ್ದಾಗ ತೀರಾ ತಣಿಯುವುದಿಲ್ಲ. ಕಾದಿದೆಯೇ ಎಂದು ತಿಳಿಯಲು ದೋಸೆ ಕಾವಲಿಗೆ ಚಿಮುಕಿಸುವಂತೆ ನಾಲ್ಕು ಹನಿ ನೀರು ಸಾಕು, ಎಣ್ಣೆ ಹಾಕುವ ಮೊದಲೇ. ಹನಿ ಥಟ್ಟನೆ ಆರದೆ ಗುಂಡಗಾಗಿ ಓಡಾಡಿದರೆ ತಳ ಚೆನ್ನಾಗಿ ಕಾದಿದೆ. ಹನಿಯ ಕೆಳಗೆ ಹುಟ್ಟಿದ ಆವಿಯ ಪದರವೇ ಅದನ್ನು ಎತ್ತಿ ಹಿಡಿದಿರುತ್ತದೆ. ಇದನ್ನು 1756ರಲ್ಲಿ ವಿವರಿಸಿದ ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ ಹೆಸರಿನಲ್ಲೇ ಈ ವಿದ್ಯಮಾನ ಇಂದಿಗೂ ಇದೆ. ಅಂಟದ ಲೇಪನವಿರುವ ಪಾತ್ರೆಗಳನ್ನು ಮಾತ್ರ ಖಾಲಿಯಾಗಿ ಹೀಗೆ ಕಾಯಿಸಬಾರದು, 260 ಡಿಗ್ರಿ ಮೀರಿದರೆ ಆ ಲೇಪನ ಕೆಡತೊಡಗುತ್ತದೆ. ಕೈಮವನ್ನು ತೆಳುವಾಗಿ ಹರಡಿ, ಸಟ್ಟುಗ ಆಡಿಸದೆ ಸ್ವಲ್ಪ ಹೊತ್ತು ಬಿಡಬೇಕು. ಬಾಣಲೆ ಚಿಕ್ಕದಿದ್ದರೆ ಎರಡು ಸಲ ಹುರಿಯುವುದೇ ವಾಸಿ.

ಉಪ್ಪು ಯಾವಾಗ ಹಾಕಬೇಕು ಎಂಬುದೂ ಮುಖ್ಯ. ಉಪ್ಪು ಮಯೋಸಿನ್ ಅನ್ನು ಕರಗಿಸುತ್ತದೆ, ಕರಗಿದ ಮಯೋಸಿನ್ ಬಿಸಿಯಲ್ಲಿ ಅಂಟಿನಂತೆ ಚೂರುಗಳನ್ನು ಬೆಸೆಯುತ್ತದೆ. ಕೈಮ ಉಂಡೆಗೆ ಉಪ್ಪು ಹಾಕಿ ಚೆನ್ನಾಗಿ ನಾದಿದರೆ ಉಂಡೆ ಒಡೆಯದೆ ನಿಲ್ಲಲು ಇದು ನೆರವಾಗುತ್ತದೆ. ಉದುರುದುರಾದ ಕೈಮ ಬೇಕಿದ್ದರೆ ಮಾಂಸ ಬಿಡಿಬಿಡಿಯಾಗಿ ಹುರಿದ ಮೇಲೆ ಉಪ್ಪು ಹಾಕಬೇಕು.

ಸುರಕ್ಷತೆಯ ವಿಷಯದಲ್ಲಿ ಕೈಮ ಇಡೀ ತುಂಡಿನಂತಲ್ಲ. ತುಂಡಿನಲ್ಲಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಹೊರಮೈಯಲ್ಲಿರುತ್ತವೆ, ಬಿಸಿ ತಗುಲಿದೊಡನೆ ಸಾಯುತ್ತವೆ. ಯಂತ್ರದಲ್ಲಿ ಅರೆದಾಗ ಹೊರಮೈಯೆಲ್ಲ ಒಳಸೇರುತ್ತದೆ. ಇ. ಕೋಲಿ ಓ157:ಎಚ್7 ಎಂಬ ತಳಿ ರೋಗಕಾರಕವೆಂದು 1982ರಲ್ಲಿ ಅಮೆರಿಕದಲ್ಲಿ ಗೊತ್ತಾದದ್ದೇ ಸರಿಯಾಗಿ ಬೇಯದ ಅರೆದ ಮಾಂಸದಿಂದ. 1993ರಲ್ಲಿ ಅಲ್ಲಿ ಮತ್ತೆ ಅಂಥದೇ ಮಾಂಸದಿಂದ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ತೀರಿಕೊಂಡರು. ಅಮೆರಿಕದ ಕೃಷಿ ಇಲಾಖೆ ಅರೆದ ಕುರಿ, ದನ, ಹಂದಿ ಮಾಂಸಕ್ಕೆ 71 ಡಿಗ್ರಿ, ಕೋಳಿಗೆ 74 ಡಿಗ್ರಿ ಒಳಬಿಸಿ ಬೇಕೆನ್ನುತ್ತದೆ. ಬಣ್ಣ ನೋಡಿ ಬೆಂದಿದೆ ಎಂದುಕೊಳ್ಳುವುದು ಅಪಾಯ. ಮಾಂಸಕ್ಕೆ ಕೆಂಪು ಕೊಡುವ ಮಯೋಗ್ಲೋಬಿನ್ ಗಾಳಿಯ ಸಂಪರ್ಕದಲ್ಲಿ ಮೊದಲೇ ಕಂದಾಗಿದ್ದರೆ, ಸಾಕಷ್ಟು ಬೇಯುವ ಮುನ್ನವೇ ಬೆಂದಂತೆ ಕಾಣುತ್ತದೆ. ತೆಳುವಾಗಿ ಹರಡಿ, ನೀರು ಆರಿಸಿ ಹುರಿದ ಉದುರು ಕೈಮ ಈ ಮಿತಿಯನ್ನು ಸುಲಭವಾಗಿ ದಾಟಿರುತ್ತದೆ. ಗಮನವಿಡಬೇಕಾದದ್ದು ದಪ್ಪ ಗಂಟುಗಳ ಮೇಲೆ.

ಈಗ ಬಾಣಲೆಯ ತಳದಲ್ಲಿ ಕಂದು ಪದರವೊಂದು ಹಿಡಿದಿರುತ್ತದೆ. ಸೀದಿರದಿದ್ದರೆ ಅದನ್ನು ಉಜ್ಜಿ ಎಸೆಯಬಾರದು, ಮಯಾರ್ ಕ್ರಿಯೆಯ ಸಾರವೆಲ್ಲ ಅದರಲ್ಲಿದೆ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ, ಎಲೆಕೋಸು ಸೇರಿಸುವ ಹೊತ್ತು ಇದು. ಕೋಸಿನ ತೂಕದಲ್ಲಿ ನೂರಕ್ಕೆ ಸುಮಾರು 92 ಪಾಲು ನೀರು. 400 ಗ್ರಾಂ ಕೋಸು ಎಂದರೆ 370 ಗ್ರಾಂ ಹತ್ತಿರ ನೀರು ಬಾಣಲೆಗೆ ಬಂದಂತೆ. ಮೊದಲೇ ಬಂದಿದ್ದರೆ ಹುರಿಯುವುದನ್ನೇ ತಡೆಯುತ್ತಿದ್ದ ಈ ನೀರು, ಈಗ ಸ್ವಲ್ಪಸ್ವಲ್ಪವೇ ಹೊರಬಂದು ತಳದ ಪದರವನ್ನು ಕರಗಿಸಿ ಕೋಸಿನ ಎಳೆಎಳೆಗೂ ಹಚ್ಚುತ್ತದೆ. ಬೇರೆ ನೀರು ಹಾಕುವ ಅಗತ್ಯವೇ ಇಲ್ಲ.

ಕೋಸಿನ ರಸಾಯನವಿಜ್ಞಾನ ಅರಿಯಲು ಸಾಸಿವೆಯನ್ನು ನೆನೆದರೆ ಸಾಕು, ಎರಡೂ ಒಂದೇ ಕುಟುಂಬದ ಗಿಡಗಳು. ಎರಡರಲ್ಲೂ ಗ್ಲೂಕೋಸಿನೊಲೇಟ್ ಎಂಬ ಗಂಧಕದ ಸಂಯುಕ್ತಗಳು ಒಂದೆಡೆ, ಅವನ್ನು ಒಡೆಯುವ ಮೈರೋಸಿನೇಸ್ ಕಿಣ್ವ ಇನ್ನೊಂದೆಡೆ ಇರುತ್ತವೆ. ಹುಳು ಕಡಿದಾಗಲೋ ಚಾಕು ಹಾಯ್ದಾಗಲೋ ಇವು ಬೆರೆತು ಖಾರದ ಘಾಟು ಹುಟ್ಟುತ್ತದೆ. ಅದು ಗಿಡದ ರಕ್ಷಣೆ. ಮಲೆನಾಡಿನ ಮಾವಿನಹಣ್ಣಿನ ಸಾಸಿವೆಗೆ ಹಸಿ ಸಾಸಿವೆ ಅರೆದು ಹಾಕಿದರೆ ಮೂಗಿಗೇರುವುದು ಇದರಿಂದಲೇ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಆ ಘಾಟಿಲ್ಲ, ಏಕೆಂದರೆ ಕಾದ ಎಣ್ಣೆ ಕಿಣ್ವವನ್ನು ಮೊದಲೇ ಕೆಡಿಸಿರುತ್ತದೆ. ಕಾದ ಬಾಣಲೆಗೆ ಬಿದ್ದ ಕೋಸಿಗೂ ಹೀಗೆಯೇ ಆಗುತ್ತದೆ: ಕಿಣ್ವ ಬೇಗ ಸೋತು, ಕೋಸಿನ ಸಿಹಿ ಎದ್ದು ಕಾಣುತ್ತದೆ.

ಆದರೆ ಹೆಚ್ಚು ಹೊತ್ತು ಬೇಯಿಸಿದರೆ ಬೇರೆ ತೊಂದರೆ. ಉಳಿದ ಗಂಧಕದ ಸಂಯುಕ್ತಗಳು ಬಿಸಿಗೇ ಒಡೆದು ಹೈಡ್ರೋಜನ್ ಸಲ್ಫೈಡ್, ಡೈಮಿಥೈಲ್ ಟ್ರೈಸಲ್ಫೈಡ್‌ನಂಥವು ಬಿಡುಗಡೆಯಾಗುತ್ತವೆ. ಕೋಸು ಬೆಂದ ಮನೆಯೆಲ್ಲ ಹರಡುವ ಆ ಭಾರವಾದ ವಾಸನೆ ಇವುಗಳದೇ, ಬೇಯಿಸಿದಷ್ಟೂ ಅದು ಹೆಚ್ಚುತ್ತದೆ. ತೆಳ್ಳಗೆ ಹೆಚ್ಚಿದ ಕೋಸಿಗೆ ಜೋರು ಉರಿಯಲ್ಲಿ ಐದಾರು ನಿಮಿಷ ಸಾಕು. ಟೊಮೇಟೊ ಅಥವಾ ನಿಂಬೆರಸ ಕೊನೆಗೆ ಬರಲಿ. ಹುಳಿಯಲ್ಲಿ ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಬೇಗ ಕರಗದು, ಕೋಸು ಬೇಯಲು ತಡವಾಗುತ್ತದೆ, ತಡವಾದಷ್ಟೂ ವಾಸನೆ.

100 ಗ್ರಾಂ ಹಸಿ ಕೋಸಿನಲ್ಲಿ ಸುಮಾರು 35 ಮಿಲಿಗ್ರಾಂ ಸಿ ಜೀವಸತ್ವವಿದೆ. ಬಿಸಿಗೆ ಒಂದಷ್ಟು ಹೋಗುತ್ತದೆ, ಆದರೆ ಬೇಯಿಸಿದ ನೀರನ್ನು ಇಲ್ಲಿ ಚೆಲ್ಲುವುದಿಲ್ಲವಾದ್ದರಿಂದ ಅದರಲ್ಲಿ ಕರಗಿ ಹೋಗುವ ನಷ್ಟವಿಲ್ಲ. ಜೊತೆಗೆ ರಾಗಿ ಮುದ್ದೆ ಇದ್ದರೆ ಇನ್ನೂ ಒಳ್ಳೆಯದು. ಧಾನ್ಯದಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಸಿ ಜೀವಸತ್ವವೂ ನೆರವಾಗುತ್ತದೆ, ಮಾಂಸವೂ ನೆರವಾಗುತ್ತದೆ.

ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಮರುದಿನ ಬಿಸಿಮಾಡಿದ ಮಾಂಸಕ್ಕೆ ಬರುವ ಕಮಟು ರುಚಿಯನ್ನು 1958ರಲ್ಲಿ ಟಿಮ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು ವಿವರಿಸಿದರು. ಬೆಂದಾಗ ಮಯೋಗ್ಲೋಬಿನ್‌ನಿಂದ ಬಿಡುಗಡೆಯಾದ ಕಬ್ಬಿಣ, ಗಾಳಿಯ ಆಮ್ಲಜನಕ ಮಾಂಸದ ಕೊಬ್ಬನ್ನು ಕೆಡಿಸುವ ಕೆಲಸಕ್ಕೆ ವೇಗ ಕೊಡುತ್ತದೆ. ಅರೆದ ಮಾಂಸದಲ್ಲಿ ಗಾಳಿ ತಾಕುವ ಮೈ ಹೆಚ್ಚಾದ್ದರಿಂದ ಇದು ಇನ್ನೂ ಬೇಗ ಆಗುತ್ತದೆ. ಆಳವಿಲ್ಲದ ಡಬ್ಬಿಗೆ ಒತ್ತಿ ತುಂಬಿ ಮುಚ್ಚಳ ಬಿಗಿ ಮಾಡಿದರೆ ಗಾಳಿಗೆ ಜಾಗ ಕಡಿಮೆ, ತಣಿಯುವುದೂ ಬೇಗ. ಹೊರತೆಗೆದಾಗ ಬೇಕಾದಷ್ಟನ್ನು ಮಾತ್ರ ಹಬೆಯಾಡುವವರೆಗೆ ಬಿಸಿಮಾಡಿ, ನಿಂಬೆ ಹಿಂಡಿ, ಚಪಾತಿಯ ಜೊತೆ ಅಂದೇ ತಿಂದು ಮುಗಿಸುವುದು ಒಳ್ಳೆಯದು.