ಎಡಗಾಲಿನ ಪಾಠ

ಹೈದರಾಬಾದಿನ ಉಪಾಧ್ಯಾಯರೊಬ್ಬರು ಹುಡುಗರಿಗಾಗಿ ವಿಚಿತ್ರವಾದ ಒಂದು ಫುಟ್‌ಬಾಲ್ ಪಂದ್ಯಾವಳಿಯನ್ನು ಏರ್ಪಡಿಸುತ್ತಿದ್ದರು. ದುರ್ಬಲವಾದ ಕಾಲಿನಿಂದಲೇ ಚೆಂಡನ್ನು ಒದೆಯಬೇಕು ಎಂಬುದು ಅದರ ನಿಯಮ. ಬಲಗಾಲಿನಲ್ಲಿ ನಿಪುಣನಾದವನಿಗೆ ಅಲ್ಲಿ ಎಡಗಾಲೇ ಗತಿ. ಮತ್ತೊಂದು ಪಂದ್ಯಾವಳಿಯಲ್ಲಿ ಚೆಂಡನ್ನು ಕಾಲಿಗಂಟಿಸಿಕೊಂಡು ಎದುರಾಳಿಗಳನ್ನು ವಂಚಿಸುತ್ತ ಓಡುವುದಕ್ಕೇ, ಅಂದರೆ ಡ್ರಿಬ್ಲಿಂಗಿಗೇ, ನಿಷೇಧವಿತ್ತು. ಚೆಂಡು ಬಂದೊಡನೆ ಜೊತೆಗಾರನಿಗೆ ದಾಟಿಸಿಬಿಡಬೇಕು.

ಈ ಸಂಗತಿಯನ್ನು ಮೊದಲು ಓದಿದಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ನಾನೂ ಬಹುಕಾಲ ಮೇಷ್ಟರಾಗಿದ್ದವನು. ಪ್ರಬಂಧ ಚೆನ್ನಾಗಿ ಬರೆಯುವ ಹುಡುಗನಿಂದ ಪ್ರಬಂಧವನ್ನೇ ಬರೆಸಿ, ಅವನಿಗೆ ಬಾರದ ವ್ಯಾಕರಣವನ್ನು ಕಂಡೂ ಕಾಣದಂತೆ ಇದ್ದವನು. ಬಲಗಾಲನ್ನು ಹೊಗಳುವುದು ಸುಲಭ. ಎಡಗಾಲನ್ನು ಕಲಿಸುವುದಕ್ಕೆ ತಾಳ್ಮೆ ಬೇಕು. ಆ ತಾಳ್ಮೆಯಿದ್ದ ಸಯ್ಯದ್ ಅಬ್ದುಲ್ ರಹೀಮರ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ರಹೀಮರು ಹುಟ್ಟಿದ್ದು 1909ರಲ್ಲಿ, ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಅಲ್ಲಿಯ ತಂಡದ ಮುಖ್ಯ ಆಟಗಾರರಲ್ಲಿ ಒಬ್ಬರೆನಿಸಿದರು. ಪದವಿ ಪಡೆದ ಮೇಲೆ ಹಿಡಿದದ್ದು ಶಾಲಾ ಉಪಾಧ್ಯಾಯ ವೃತ್ತಿಯನ್ನು. ಮುಂದೆ ದೈಹಿಕ ಶಿಕ್ಷಣದಲ್ಲಿಯೂ ತರಬೇತಿ ಪಡೆದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ, ಕೊನೆಯವರೆಗೂ ಆ ಹೊಣೆಯನ್ನು ಹೊತ್ತರು. 1950ರ ಸುಮಾರಿಗೆ ಹೈದರಾಬಾದ್ ನಗರ ಪೊಲೀಸ್ ತಂಡ ಅವರ ಕೈಗೆ ಬಂತು. 1950ರಿಂದ 1954ರವರೆಗೆ ಐದು ವರ್ಷ ಸತತವಾಗಿ ಮುಂಬಯಿಯ ರೋವರ್ಸ್ ಕಪ್ಪನ್ನು ಆ ತಂಡ ಗೆದ್ದಿತು. ಭಾರತ ತಂಡದ ತರಬೇತಿಯೂ ಅವರದಾಯಿತು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ನಾವು ಇರಾನನ್ನು ಸೋಲಿಸಿ ಚಿನ್ನ ಪಡೆದೆವು.

ಗೆಲುವಿನ ಬೆನ್ನಿಗೇ ಬಂದ ಸೋಲು ಮಾತ್ರ ಘೋರವಾಗಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ನಮ್ಮನ್ನು ಹತ್ತು ಗೋಲುಗಳಿಗೆ ಒಂದರಂತೆ ಸೋಲಿಸಿತು. ಆ ಒಂದು ಗೋಲನ್ನು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಎಂಬುದೊಂದೇ ನಮಗುಳಿದ ಸಮಾಧಾನ. ಈ ಸೋಲಿನ ಕಾರಣಗಳನ್ನು ಕೊಂಚ ವಿವರಿಸಬೇಕು. ನಮ್ಮವರಲ್ಲಿ ಅನೇಕರು ಅಂದು ಬರಿಗಾಲಿನಲ್ಲಿ ಆಡಿದ್ದರು. ನಮ್ಮ ಒಣ ನೆಲದಲ್ಲಿ ಬರಿಗಾಲು ಚೆಂಡಿನೊಡನೆ ಮಾತನಾಡಬಲ್ಲದು, ಅಂಥ ಸೂಕ್ಷ್ಮ ಅದಕ್ಕುಂಟು. ಉತ್ತರ ಯೂರೋಪಿನ ತಂಪು ಹವೆಯಲ್ಲಿ, ಮೊಳೆಯ ಬೂಟು ತೊಟ್ಟವರ ಎದುರಿನಲ್ಲಿ, ಅದಕ್ಕೆ ಹಿಡಿತವೂ ಇಲ್ಲ, ರಕ್ಷಣೆಯೂ ಇಲ್ಲ. ನಮ್ಮ ದೇಶದ ಪಂದ್ಯಗಳು ಆಗ ಎಪ್ಪತ್ತು ನಿಮಿಷಕ್ಕೆ ಮುಗಿಯುತ್ತಿದ್ದರೆ ಅಲ್ಲಿ ತೊಂಬತ್ತು ನಿಮಿಷ ಆಡಬೇಕಾಗಿತ್ತು. ಇವೆಲ್ಲಕ್ಕಿಂತ ಮಿಗಿಲಾಗಿ, ಚೆಂಡನ್ನು ತನ್ನಲ್ಲಿಯೇ ಇಟ್ಟುಕೊಂಡು ಮೆರೆಯುವ ಒಂಟಿ ಆಟಕ್ಕೆ ನಮ್ಮ ಪ್ರೇಕ್ಷಕರು ಚಪ್ಪಾಳೆ ತಟ್ಟಿ ತಟ್ಟಿ ಆಟಗಾರರನ್ನು ಕೆಡಿಸಿದ್ದರು.

ಈ ಮೂರು ಕೊರತೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ರಹೀಮರ ವಿಚಿತ್ರ ಪಂದ್ಯಾವಳಿಗಳ ಅರ್ಥ ಹೊಳೆಯುತ್ತದೆ. ಎರಡು ಕಾಲೂ ಸಮವಾಗಿ ನುರಿತವನಿಗೆ ಚೆಂಡನ್ನು ಬಲಗಡೆಗೆ ತಿರುಗಿಸಿಕೊಳ್ಳುವ ಕಾಲಹರಣವಿಲ್ಲ. ಡ್ರಿಬ್ಲಿಂಗ್ ಇಲ್ಲದ ಆಟದಲ್ಲಿ ಜೊತೆಗಾರ ಎಲ್ಲಿದ್ದಾನೆಂಬುದನ್ನು ಚೆಂಡು ಬರುವ ಮೊದಲೇ ಕಂಡುಕೊಂಡಿರಬೇಕು. ದೇಹದಾರ್ಢ್ಯದಲ್ಲಿ ಹಿಂದುಳಿದವರು ಓಡುವ ಕೆಲಸವನ್ನು ಚೆಂಡಿಗೆ ವಹಿಸುವ ಉಪಾಯ ಇದು. 1953ರಲ್ಲಿ ಹಂಗೆರಿಯ ತಂಡ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು ಆರು ಗೋಲುಗಳಿಗೆ ಮೂರರಂತೆ ಸೋಲಿಸಿದಾಗ, ತನ್ನ ಮುಂಚೂಣಿಯ ನಡು ಆಟಗಾರನನ್ನು ಹಿಂದೆ ಸರಿಸಿ ಎದುರಾಳಿಯ ರಕ್ಷಣೆಯನ್ನೇ ಗೊಂದಲಕ್ಕೆ ಕೆಡವಿತ್ತು. ಅಂಥ ವ್ಯೂಹವನ್ನು ನಮ್ಮವರಿಗೆ ಒಗ್ಗುವಂತೆ ರಹೀಮರು ಅಳವಡಿಸಿದರೆಂದು ಆಟವನ್ನು ಬಲ್ಲವರು ಹೇಳುತ್ತಾರೆ.

ಫಲ ಕಾಣಿಸಿದ್ದು 1956ರ ಮೆಲ್ಬೋರ್ನಿನಲ್ಲಿ. ಆತಿಥೇಯ ಆಸ್ಟ್ರೇಲಿಯವನ್ನು ನಾಲ್ಕು-ಎರಡರಿಂದ ಮಣಿಸಿ ಭಾರತ ಉಪಾಂತ್ಯವನ್ನು ತಲುಪಿತು. ನೆವಿಲ್ ಡಿಸೋಜಾ ಆ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಅಷ್ಟು ದೂರ ಹೋದ ಮೊದಲ ಏಷ್ಯನ್ ತಂಡ ನಮ್ಮದು. ಬೆಂಗಳೂರಿನ ಕೆಂಪಯ್ಯನವರು ಆ ತಂಡದಲ್ಲಿದ್ದರು. ಉಪಾಂತ್ಯದಲ್ಲಿ ಎದುರಾದದ್ದು ಮತ್ತೆ ಯುಗೊಸ್ಲಾವಿಯವೇ. ಈ ಬಾರಿ ಮೊದಲ ಗೋಲು ನಮ್ಮದಾಗಿತ್ತು. ನಾಲ್ಕು-ಒಂದರಿಂದ ಸೋತೆವು ನಿಜ, ಆದರೆ ನಾಲ್ಕು ವರ್ಷದ ಹಿಂದಿನ ಹತ್ತು ಗೋಲನ್ನು ನೆನೆದವರಿಗೆ ಆ ಅಂತರವೇ ಮೇಷ್ಟರಿಗೆ ಸಿಕ್ಕ ಅಂಕವಾಗಿ ಕಂಡಿರಬೇಕು.

ಹೈದರಾಬಾದು, ಸಿಕಂದರಾಬಾದುಗಳ ಬಡ ಹುಡುಗರನ್ನು ಅವರು ಹುಡುಕಿ ತರುತ್ತಿದ್ದರು. ತುಳಸೀದಾಸ್ ಬಲರಾಮ್ ಹಾಗೆ ಸಿಕ್ಕವರು. ಊರಾಚೆಯಿಂದ ಅಭ್ಯಾಸಕ್ಕೆ ಬರಲು ಬಾಡಿಗೆ ಸೈಕಲ್ಲಿನ ಹಣವನ್ನು ರಹೀಮರೇ ಕೊಡುತ್ತಿದ್ದರೆಂದು ಬಲರಾಮ್ ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ರಹೀಮರ ಸ್ವಂತ ಮಗ ಹಕೀಮ್ 1960ರ ರೋಮ್ ಒಲಿಂಪಿಕ್ಸಿನ ತಂಡದಲ್ಲಿದ್ದರೂ ಒಂದು ಪಂದ್ಯವನ್ನೂ ಆಡಲಿಲ್ಲ. ತಂದೆಯೇ ತರಬೇತುದಾರನಾಗಿದ್ದ ತಂಡವದು. ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಆ ಮನುಷ್ಯನ ಸ್ವಭಾವ ನನಗೆ ತಿಳಿಯಿತು.

ಕೊನೆಯ ಪರೀಕ್ಷೆ ನಡೆದದ್ದು 1962ರ ಜಕಾರ್ತದಲ್ಲಿ. ಆ ವೇಳೆಗೆ ರಹೀಮರ ಶ್ವಾಸಕೋಶವನ್ನು ಕ್ಯಾನ್ಸರ್ ಹಿಡಿದಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಕ್ಕೆ ಸೋತೆವು. ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಇಸ್ರೇಲ್ ಮತ್ತು ತೈವಾನ್ ದೇಶದವರನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಕ್ರೀಡಾಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ ಊರಿನ ಜನ ನಮ್ಮ ಮೇಲೆ ಕೆರಳಿದ್ದರು. ರಹೀಮರು ಜರ್ನೈಲರನ್ನು ಮನೆಗೆ ಕಳುಹಿಸಲಿಲ್ಲ. ಹಿಂದಿನ ಸಾಲಿನಿಂದ ಎತ್ತಿ ಮುಂಚೂಣಿಯ ನಡುವಿಗೆ ತಂದು ನಿಲ್ಲಿಸಿದರು. ಗೋಲು ತಡೆಯುತ್ತಿದ್ದವನು ಗೋಲು ಹೊಡೆಯುವವನಾದ! ಫೈನಲ್ಲಿನ ಹಿಂದಿನ ರಾತ್ರಿ, ತನಗೊಂದು ಕಾಣಿಕೆ ಬೇಕೆಂದು ಅವರು ಆಟಗಾರರನ್ನು ಕೇಳಿದರಂತೆ. ಸೆಪ್ಟೆಂಬರ್ 4ರಂದು, ಕೂಗಿ ಅಬ್ಬರಿಸುತ್ತಿದ್ದ ಜನಸಾಗರದ ನಡುವೆ, ಅದೇ ದಕ್ಷಿಣ ಕೊರಿಯವನ್ನು ಎರಡು-ಒಂದರಿಂದ ಗೆದ್ದೆವು. ಒಂದು ಗೋಲು ಪಿ. ಕೆ. ಬ್ಯಾನರ್ಜಿಯವರದು, ಇನ್ನೊಂದು ಜರ್ನೈಲರದು. ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದವರೇ.

1963ರ ಜೂನ್ 11ರಂದು ರಹೀಮರು ತೀರಿಕೊಂಡರು. ಆಮೇಲಿನ ಕಥೆ ಹೇಳುವುದಕ್ಕೆ ಸಂತೋಷವಾಗುವುದಿಲ್ಲ. 1970ರ ಬ್ಯಾಂಕಾಕಿನಲ್ಲಿ ಕಂಚು ಬಂತು. ಆ ತಂಡದ ತರಬೇತುದಾರರಲ್ಲಿ ರಹೀಮರ ಶಿಷ್ಯ ಪಿ. ಕೆ. ಬ್ಯಾನರ್ಜಿ ಒಬ್ಬರು. ಅಲ್ಲಿಂದ 2023ರ ಹಾಂಗ್‌ಝೌ ಕೂಟದವರೆಗೆ ಏಷ್ಯನ್ ಕ್ರೀಡೆಗಳ ಫುಟ್‌ಬಾಲಿನಲ್ಲಿ ನಮಗೆ ಪದಕವೇ ದೊರೆತಿಲ್ಲ. ನನ್ನ ಅಭಿಪ್ರಾಯವನ್ನು ಹೇಳುವುದಾದರೆ, ನಾವು ಗುರುವನ್ನು ಪೂಜಿಸಿ ಪಾಠವನ್ನು ಮರೆತೆವು. ಎಡಗಾಲಿನ ಪಂದ್ಯಾವಳಿ ಪ್ರತಿ ಶಾಲೆಯ ಅಂಗಳದಲ್ಲೂ ನಡೆಯಬಹುದಾಗಿತ್ತು. ಅದಕ್ಕೆ ಹಣ ಬೇಕಿರಲಿಲ್ಲ, ಒಬ್ಬ ಮೇಷ್ಟರು ಸಾಕಾಗಿತ್ತು.

2024ರಲ್ಲಿ ಹಿಂದಿಯ ಚಲನಚಿತ್ರವೊಂದು ರಹೀಮರ ಹೆಸರನ್ನು ಮತ್ತೆ ಜನರ ಬಾಯಿಗೆ ತಂದಿತು. ಅವರ ಮಗ ಹಕೀಮರು ಅದನ್ನು ನೋಡಲಿಲ್ಲ. ಅವರು 2021ರ ಆಗಸ್ಟಿನಲ್ಲಿ, ನಮ್ಮ ಕಲಬುರಗಿಯಲ್ಲಿ, ಕಣ್ಣು ಮುಚ್ಚಿದರು. ಆ ಸುದ್ದಿಯನ್ನು ಓದಿದ ಸಂಜೆ ನಾನು ಬಲಗೈಯ ಲೇಖನಿಯನ್ನು ಎಡಗೈಗೆ ಬದಲಿಸಿ ನನ್ನ ಹೆಸರನ್ನು ಬರೆಯಲು ಪ್ರಯತ್ನಿಸಿದೆ. ಅಕ್ಷರಗಳು ಸೊಟ್ಟಗಾದವು. ಹತ್ತನೆಯ ಸಲಕ್ಕೆ ಸ್ವಲ್ಪ ನೆಟ್ಟಗಾದವು.